ಸೆಂಟಿಮೀಟರಿಗೆ ನಲವತ್ತೇಳು ಚುಕ್ಕೆ

"ನೂರಿಪ್ಪತ್ತು ಇಡಿ" ಅಂತ ಮೇಷ್ಟ್ರು ಫೋನಿನಲ್ಲಿ ಹೇಳಿದರು. ನಾನು ನೂರಿಪ್ಪತ್ತು ಇಟ್ಟೆ. ಮರುಪ್ರಶ್ನೆ ಹಾಕಲಿಲ್ಲ. ಹಾಕಿದ್ದರೆ ಅರ್ಧ ನಿಮಿಷದ ಮಾತು.

ಫ್ಲಾಪಿ ಹೋಗಿ ಸೀಡಿ ಬಂದಿದ್ದ ಕಾಲ ಅದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕಿನ ಮನೆಗಳಲ್ಲಿ ಉಳಿದಿದ್ದ ತಾಳೆಗರಿ ಕಟ್ಟುಗಳನ್ನು ಸ್ಕ್ಯಾನ್ ಮಾಡಿ, ಸೀಡಿಗೆ ತುಂಬಿ, ಒಂದು ಪ್ರತಿ ಮನೆಯವರಿಗೆ ಕೊಟ್ಟು, ಇನ್ನೊಂದನ್ನು ದೂರದ ಒಂದು ಗ್ರಂಥಾಲಯಕ್ಕೆ ಕಳಿಸುವ ಕೆಲಸ. ಇದನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಹೈಸ್ಕೂಲು ಮೇಷ್ಟ್ರು. ಗ್ರಂಥಾಲಯದ ಜೊತೆಗಿನ ಪತ್ರವ್ಯವಹಾರ ಅವರದು. ಕಟ್ಟು ತರುವುದು, ಸ್ಕ್ಯಾನ್ ಮಾಡುವುದು, ವಾಪಸು ಮುಟ್ಟಿಸುವುದು ನನ್ನದು. ಯಂತ್ರ ಇದ್ದದ್ದು ಶಿರಸಿ ಪೇಟೆಯ ಒಂದು ಮಳಿಗೆಯ ಮೇಲಿನ ಕೋಣೆಯಲ್ಲಿ. ಬೆಳಕು ತಾಗಬಾರದು ಅಂತ ಕಿಟಕಿಗೆ ರಟ್ಟು ಬಡಿದಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಸಂಜೆ ಆರಕ್ಕೆ ಹೊರಗೆ ಬರುವುದು. ನಡುವೆ ಮನುಷ್ಯರ ಮುಖ ಕಾಣುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ, ಆಗ ಕೆಳಗಿಳಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ನಾನು ಹಾನಗಲ್ಲ ಕಡೆಯವಳು. ಬಾಡಿಗೆ ಮನೆಯ ವಠಾರದಲ್ಲಿ ಹೆಂಗಸರು ಅವರ ಮನೆಮಾತಿನಲ್ಲಿ ಗಲಗಲ ಮಾತಾಡುತ್ತಿರುತ್ತಿದ್ದರು. "ನಾನು" ಅನ್ನುವುದಕ್ಕೆ "ಆನು", "ನನಗೆ" ಅನ್ನುವುದಕ್ಕೆ "ಯಂಗೆ", ಅಷ್ಟು ಮಾತ್ರ ನನಗೆ ತಿಳಿದಿತ್ತು. ನಾನು ನಲ್ಲಿಯ ಹತ್ತಿರ ಕೊಡ ಇಟ್ಟ ಕೂಡಲೇ ನನಗೆ ತಿಳಿಯಲಿ ಅಂತ ಪುಸ್ತಕದ ಕನ್ನಡಕ್ಕೆ ತಿರುಗುತ್ತಿದ್ದರು. ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾಷೆ ಬದಲಾದ ಮೇಲೆ ಆಡುವ ಮಾತೇ ಉಳಿಯುತ್ತಿರಲಿಲ್ಲ. "ಊಟ ಆಯ್ತಾ" ಅಂತ ಕೇಳುವರು, ನಾನು "ಆಯ್ತ್ರಿ" ಅನ್ನುವೆ, ಕೊಡ ತುಂಬುವ ತನಕ ಎಲ್ಲರೂ ನೀರು ನೋಡುತ್ತ ನಿಲ್ಲುವುದು.

ನನ್ನದೊಂದು ದುರ್ಗುಣ ಇದೆ, ಈಗಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದ್ದನ್ನು ಕೇಳುವುದಿಲ್ಲ. ಪ್ರೆಸ್ಸಿನಲ್ಲಿ ಕೆಲಸ ಕಲಿಯುವಾಗ ಕೇಳಿದ್ದಕ್ಕೆಲ್ಲ "ಹೆಣ್ಣುಮಗಳು, ಎಲ್ಲಾ ಬಿಡಿಸಿ ಹೇಳ್ಬೇಕು" ಅಂತ ನಕ್ಕಿದ್ದರು. ಅವತ್ತಿನಿಂದ ಬಾಯಿ ಹೊಲಿದುಕೊಂಡೆ. ಬಾಯಿ ಹೊಲಿದದ್ದು ಅಭಿಮಾನ ಅಂತ ತಿಳಿದಿದ್ದೆ, ಮೂರ್ಖತನ ಅಂತ ತಿಳಿಯಲು ಈ ಕೆಲಸ ಬೇಕಾಯಿತು.

ಸ್ಕ್ಯಾನರಿಗೆ ಮೊದಲು ಒಂದು ಅಂಕಿ ಕೊಡಬೇಕು. ಇಷ್ಟು ಉದ್ದವನ್ನು ಎಷ್ಟು ಚುಕ್ಕೆಗಳಾಗಿ ಒಡೆದು ನೋಡಬೇಕು ಅಂತ. ಚುಕ್ಕೆ ಹೆಚ್ಚಿದಷ್ಟೂ ಅಕ್ಷರ ನಿಚ್ಚಳ, ಫೈಲೂ ದೊಡ್ಡದು. ನಾನು ಕಲಿತ ಕಡೆ ಆ ಅಂಕಿ ಯಾವಾಗಲೂ ಇಂಚಿನ ಲೆಕ್ಕದ್ದು, ಆದರೆ ಇಂಚು ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮರದ ಮಿಲ್ಲಿನಲ್ಲಿ "ಮೂರು ನಾಲ್ಕು" ಅಂದರೆ ಇಂಚು, ಬಟ್ಟೆ ಅಂಗಡಿಯಲ್ಲಿ "ಎರಡೂವರೆ" ಅಂದರೆ ಮೀಟರು. ನಮ್ಮಲ್ಲಿ ಅಂಕಿಗೆ ಬಾಲ ಹಚ್ಚಿ ಹೇಳಿದರೆ ಎದುರಿನವನಿಗೆ ಕಸುಬು ಗೊತ್ತಿಲ್ಲ ಅಂದ ಹಾಗಾಗುತ್ತದೆ. ಮೇಷ್ಟ್ರು ಹೇಳಲಿಲ್ಲ, ನಾನು ಕೇಳಲಿಲ್ಲ. ಪ್ರೆಸ್ಸಿನಲ್ಲಿ ಮುನ್ನೂರು ಇಡುವ ರೂಢಿ, ನೂರಿಪ್ಪತ್ತು ಕಡಿಮೆ ಅಂತ ಅನ್ನಿಸಿದ್ದು ಹೌದು. ಸೀಡಿ ಉಳಿಸುವ ಉಪಾಯ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕೆಲಸದ ಕ್ರಮ ಹೀಗಿತ್ತು. ಕಟ್ಟಿನ ದಾರ ಬಿಚ್ಚಿ ಮೇಲೆ ಕೆಳಗಿನ ಮರದ ಹಲಗೆ ತೆಗೆದಿಡುವುದು. ಗರಿಗಳಿಗೆ ಪೆನ್ಸಿಲಿನ ಚೀಟಿಯಲ್ಲಿ ನಂಬರು. ಮೆತ್ತನೆ ಬ್ರಷ್ಷಿನಿಂದ ಧೂಳು ಕೊಡವಿ, ದೀಪದ ಮಸಿಯನ್ನು ನಿಂಬೆ ವಾಸನೆಯ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಕಲಸಿ ಹತ್ತಿಯಿಂದ ಸವರುವುದು. ತಾಳೆಗರಿಯ ಅಕ್ಷರ ಶಾಯಿಯದಲ್ಲ, ಮೊಳೆಯಂಥ ಕಂಟದಿಂದ ಕೊರೆದದ್ದು. ಮಸಿ ಕೊರೆದ ಗೀರಿನೊಳಗೆ ಕೂತು, ಮೇಲಿನದನ್ನು ಒರೆಸಿದರೆ ಸಾಲುಗಳು ಒಂದೊಂದಾಗಿ ಎದ್ದು ಬರುತ್ತವೆ. ಅದನ್ನು ನೋಡುವಾಗ ಮಾತ್ರ ಆ ಕೋಣೆಯಲ್ಲಿ ನಾನೊಬ್ಬಳೇ ಅಲ್ಲ ಅನ್ನಿಸುತ್ತಿತ್ತು. ಆಮೇಲೆ ಗರಿಯನ್ನು ಗಾಜಿನ ಮೇಲೆ ಮಲಗಿಸಿ, ಪಕ್ಕಕ್ಕೊಂದು ಸೆಂಟಿಮೀಟರಿನ ಅಳತೆಪಟ್ಟಿ ಇಟ್ಟು, ಮೇಲೆ ಕರಿಬಟ್ಟೆ ಹೊದಿಸುವುದು. ಅಳತೆಪಟ್ಟಿ ಗ್ರಂಥಾಲಯದವರ ಕಟ್ಟಳೆ. ಗರಿ ಮೊಳದುದ್ದ, ಗಾಜು ಅಷ್ಟು ಉದ್ದ ಇಲ್ಲ, ಹಾಗಾಗಿ ಅರ್ಧರ್ಧ ಹಿಡಿದು ಆಮೇಲೆ ಪರದೆಯ ಮೇಲೆ ಜೋಡಿಸಬೇಕು. ಎರಡು ಮಗ್ಗುಲು, ತಲಾ ಎರಡು ಸಲ. ನೂರನಲವತ್ತು ಗರಿಯ ಕಟ್ಟಾದರೆ ಐನೂರ ಅರವತ್ತು ಸಲ ಕರಿಬಟ್ಟೆ ಎತ್ತಬೇಕು, ಹೊದಿಸಬೇಕು.

ಒಂದೊಂದು ಕಟ್ಟಿಗೆ ನಾಲ್ಕು ಸೀಡಿ ಬೇಕಾಗಬಹುದು ಅಂತ ಮೇಷ್ಟ್ರು ಡಬ್ಬಿಗಟ್ಟಲೆ ತರಿಸಿಟ್ಟಿದ್ದರು. ನನಗೆ ಒಂದೇ ಸಾಕಾಗುತ್ತಿತ್ತು. ಮೇಷ್ಟ್ರು ಇದನ್ನು ನೋಡಿ ನನ್ನ ಕೈಗುಣ ಹೊಗಳಿದರು. ನಾನೂ ಹೊಗಳಿಸಿಕೊಂಡೆ. ಉಳಿದ ಸೀಡಿ ಡಬ್ಬಿಗಳು ಕಪಾಟಿನಲ್ಲಿ ಕಣ್ಣೆದುರೇ ಕೂತಿದ್ದವು. ಅವುಗಳಿಗೆ ಬಾಯಿ ಇದ್ದಿದ್ದರೆ ಎರಡನೇ ವಾರವೇ ಹೇಳುತ್ತಿದ್ದವು.

ಸಿದ್ದಾಪುರ ಕಡೆಯ ಬಿಳಗಿ ಊರಿನ ಕಟ್ಟು ಬಂದದ್ದು ನಾಲ್ಕನೆಯದಾಗಿ. ಬೇರೆ ಮನೆಗಳಲ್ಲಿ ಕಟ್ಟನ್ನು ಜಗುಲಿಯ ಮೇಲಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು, ಆಮೇಲೆ ನಾನು ಎತ್ತಿಕೊಳ್ಳಬೇಕು. ದೇವರಕೋಣೆಯ ವಸ್ತು, ಅವರ ರೀತಿ ಅವರಿಗೆ. ನಾನೇನೂ ಅನ್ನುತ್ತಿರಲಿಲ್ಲ, ಆದರೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಬಿಳಗಿಯ ಆ ಮನೆಯ ಹೆಂಗಸು, ಐವತ್ತರ ಆಚೀಚೆ ವಯಸ್ಸು, ಕಟ್ಟನ್ನು ನೇರ ನನ್ನ ಎರಡೂ ಕೈಯಲ್ಲಿಟ್ಟರು. "ತಂಗಿ, ಭಾರ ಇದೆ, ಸಮಾ ಹಿಡ್ಕಳಿ" ಅಂದರು. ನನ್ನನ್ನು ಆ ಸೀಮೆಯಲ್ಲಿ ತಂಗಿ ಅಂದವರು ಅವರೊಬ್ಬರೇ. ಅವರಿಗೆ ನಾನು ಅಕ್ಕಾರ ಅಂದೆ.

ಅಕ್ಕ ಸುತ್ತಿನ ಊರಿನ ಬಾಣಂತಿಯರಿಗೆ, ಎಳೆಮಕ್ಕಳಿಗೆ ಬೇರು ಸೊಪ್ಪಿನ ಔಷಧಿ ಕೊಡುತ್ತಿದ್ದರು. ವಿದ್ಯೆ ಕಲಿಸಿದ್ದು ಅವರ ಮಾವ. ಕಟ್ಟು ಆ ಔಷಧಿಗಳದು, ಹಳೆಯ ಲಿಪಿಯದು. ಮಾವ ಓದಿ ಹೇಳುತ್ತಿದ್ದರು, ಇವರು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಲಿಪಿ ಬಲ್ಲವರು ಇರಲಿಲ್ಲ. ಯಲ್ಲಾಪುರದಲ್ಲಿ ಲಿಪಿ ಓದುವವರೊಬ್ಬರಿದ್ದಾರೆ, ಸ್ಕ್ಯಾನ್ ಆದ ಮೇಲೆ ಅವರು ಓದಿ ಇಂದಿನ ಕನ್ನಡದಲ್ಲಿ ಬರೆದುಕೊಡುತ್ತಾರೆ ಅಂತ ನಾನು ಹೇಳಿದಾಗ ಅಕ್ಕನ ಮುಖ ಅರಳಿತು. ಎಷ್ಟು ದಿನ ಆಗ್ತದೆ ಅಂತ ಎರಡು ಸಲ ಕೇಳಿದರು.

ಒಂದು ವಾರದಲ್ಲಿ ಕೆಲಸ ಮುಗಿಸಿ ಕಟ್ಟು ಮತ್ತು ಸೀಡಿ ಎರಡನ್ನೂ ಬಿಳಗಿಗೆ ಒಯ್ದೆ. ಅಕ್ಕ ಸೀಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಇಷ್ಟರಲ್ಲಿ ಎಲ್ಲ ಹಿಡೀತದಾ ಅಂತ ಕೇಳಿದರು. ನಾನು ಜಂಬದಿಂದ ಹೇಳಿದೆ:

"ಎಲ್ಲಾ ಇದರಾಗ ಐತ್ರಿ ಅಕ್ಕಾರ. ಒಂದ ಅಕ್ಷರ ಸೈತ ಬಿಟ್ಟಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಮಾತು ಎಲ್ಲಿಗೆ ಹೋಯಿತು ಅಂತ ನನಗೆ ಗೊತ್ತಾದದ್ದು ತಡವಾಗಿ.

ಹನ್ನೊಂದು ಕಟ್ಟು ಮುಗಿದ ಮೇಲೆ ಎಲ್ಲದರ ಪ್ರಿಂಟು ಹಿಡಿದು ಯಲ್ಲಾಪುರದ ಬಸ್ಸು ಹತ್ತಿದೆ. ಲಿಪಿ ಓದುವವರು ಪೌರೋಹಿತ್ಯದವರು, ಮಾತು ಕಡಿಮೆ. ಭೂತಕನ್ನಡಿ ಹಿಡಿದು ಒಂದೊಂದೇ ಹಾಳೆ ನೋಡಿದರು. ದೊಡ್ಡಕ್ಷರಗಳನ್ನು ತಡವರಿಸುತ್ತ ಓದಿದರು. ಬಿಳಗಿಯ ಕಟ್ಟಿಗೆ ಬಂದಾಗ ಕನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು, ಕೊನೆಗೆ ಕೆಳಗಿಟ್ಟರು.

ಸಾಲುಗಳ ನಡುವೆ, ಅಂಚಿನಲ್ಲಿ, ಬಹಳ ಸಣ್ಣ ಅಕ್ಷರದಲ್ಲಿ ಬೇರೆ ಯಾರೋ ಬರೆದದ್ದಿದೆ, ಅದು ಮಸಿ ಮೆತ್ತಿದ ಹಾಗೆ ಕಾಣುತ್ತಿದೆ ಅಂದರು. ಗರಿಯಲ್ಲಿ ನೋಡುವಾಗ ನನಗೆ ಅವು ನಿಚ್ಚಳವಾಗಿಯೇ ಕಂಡಿದ್ದವು. ಹಾಗೆ ಹೇಳಿದೆ. ಪ್ರಿಂಟರಿನ ದೋಷ ಇರಬಹುದು, ದೊಡ್ಡ ಅಕ್ಷರ ಓದಿದರೆ ಸಾಲದೇ ಅಂತಲೂ ಕೇಳಿದೆ.

"ದೊಡ್ಡಕ್ಷರದ್ದು ಅಚ್ಚಾಗಿ ಪುಸ್ತಕವೇ ಇದೆ, ನನ್ನ ಕಪಾಟಿನಲ್ಲೂ ಇದೆ" ಅಂದರು ಅವರು. "ಈ ಕಟ್ಟಿನಲ್ಲಿ ಬೇರೆಲ್ಲೂ ಇಲ್ಲದ್ದು ಅಂದರೆ ಸಣ್ಣಕ್ಷರ. ಅದೇ ಎಂತದೂ ಕಾಣ್ತಿಲ್ಲೆ."

ಶಿರಸಿಗೆ ಬಂದವಳು ಬಾಡಿಗೆ ಮನೆಗೆ ಹೋಗದೆ ನೇರ ಕೋಣೆಗೆ ಹೋದೆ. ಬಿಳಗಿಯ ಒಂದು ಗರಿಯನ್ನು ಪರದೆಯಲ್ಲಿ ದೊಡ್ಡದು ಮಾಡಿದೆ. ಸಣ್ಣ ಅಕ್ಷರದ ಎತ್ತರ ಎಣಿಸಿದರೆ ಐದೋ ಆರೋ ಚುಕ್ಕೆ. ಕೊಂಬು ಯಾವುದು, ಸುಳಿ ಯಾವುದು, ಐದು ಚುಕ್ಕೆಯಲ್ಲಿ ಬ್ರಹ್ಮನೂ ಹೇಳಲಾರ. ಆಗ ಅಳತೆಪಟ್ಟಿ ಕಣ್ಣಿಗೆ ಬಿತ್ತು. ಒಂದು ಸೆಂಟಿಮೀಟರಿನ ಗೆರೆಯಿಂದ ಮುಂದಿನ ಗೆರೆಯವರೆಗೆ ಮೌಸ್ ಎಳೆದು ನೋಡಿದೆ. ನಲವತ್ತೇಳು. ಬೇರೆ ಗರಿ ತೆಗೆದೆ, ನಲವತ್ತೇಳು. ಬೇರೆ ಕಟ್ಟು ತೆಗೆದೆ, ಅದೂ ನಲವತ್ತೇಳು.

ಮೇಷ್ಟ್ರಿಗೆ ಫೋನು ಮಾಡಿ ಗ್ರಂಥಾಲಯದ ಪತ್ರ ತೆಗೆದು ಓದಲು ಹೇಳಿದೆ. ಅವರು ಕನ್ನಡಕ ಹುಡುಕಿ ಓದಿದರು. ಸೆಂಟಿಮೀಟರಿಗೆ ನೂರಿಪ್ಪತ್ತು. ನಾನು ಮಾಡಿದ್ದು ಇಂಚಿಗೆ ನೂರಿಪ್ಪತ್ತು. ಒಂದು ಇಂಚಿಗೆ ಎರಡು ಪಾಯಿಂಟ್ ಐದು ನಾಲ್ಕು ಸೆಂಟಿಮೀಟರು. ನೂರಿಪ್ಪತ್ತನ್ನು ಅದರಿಂದ ಭಾಗಿಸಿದರೆ ನಲವತ್ತೇಳು ಚಿಲ್ಲರೆ. ಗ್ರಂಥಾಲಯದವರಿಗೆ ಬೇಕಿದ್ದದ್ದು ನನ್ನ ಯಂತ್ರದ ಲೆಕ್ಕದಲ್ಲಿ ಇಂಚಿಗೆ ಮುನ್ನೂರ ಐದು. ಉದ್ದದಲ್ಲಿ ಎರಡೂವರೆ ಪಟ್ಟು, ಅಗಲದಲ್ಲಿ ಎರಡೂವರೆ ಪಟ್ಟು, ಒಟ್ಟು ಚುಕ್ಕೆ ಆರೂವರೆ ಪಟ್ಟು. ಏಳನೇ ಕ್ಲಾಸಿನ ಗಣಿತ. ಮೇಷ್ಟ್ರು ಕಲಿಸುತ್ತಿದ್ದದ್ದೂ ಗಣಿತವೇ.

ಎಲ್ಲ ಕಟ್ಟುಗಳನ್ನೂ ಮತ್ತೆ ತಂದು ಹೊಸದಾಗಿ ಮಾಡುವುದು ಅಂತ ತೀರ್ಮಾನವಾಯಿತು. ಸಣ್ಣಕ್ಷರ ಇದ್ದದ್ದು ಬಿಳಗಿಯ ಕಟ್ಟಿನಲ್ಲಿ ಮಾತ್ರ, ಹಾಗಾಗಿ ಮೊದಲು ಅಲ್ಲಿಗೇ ಹೋದೆ.

ಅಕ್ಕ ಅಂಗಳದಲ್ಲಿ ಬೇರು ಒಣಗಿಸುತ್ತಿದ್ದರು. ಕಷಾಯ ಕೊಟ್ಟರು. ಒಂದೆರಡು ಗರಿ ಇನ್ನೊಮ್ಮೆ ತೆಗೆಯಬೇಕಿತ್ತು, ಕಟ್ಟು ಬೇಕಾಗಿತ್ತು ಅಂದೆ. ಒಂದೆರಡು ಅಂದದ್ದು ನನ್ನ ಅಭಿಮಾನ, ನೂರನಲವತ್ತು ಅನ್ನಲು ನಾಲಿಗೆ ಹೊರಳಲಿಲ್ಲ.

ಅಕ್ಕ ಕಟ್ಟು ಹೊಳೆಗೆ ಬಿಟ್ಟಾಯಿತು ಅಂದರು.

ಅವರ ಮನೆತನದಲ್ಲಿ ಅದು ನಡೆದುಬಂದ ರೀತಿ. ಗರಿ ಹಳತಾಗಿ ಪುಡಿಯಾಗತೊಡಗಿದರೆ ಬಲ್ಲವರಿಂದ ಹೊಸ ಗರಿಗೆ ಇಳಿಸುವುದು, ಪ್ರತಿ ಮುಗಿದ ಮೇಲೆ ಹಳೆಯದಕ್ಕೆ ಪೂಜೆ ಮಾಡಿ, ಹೂ ಏರಿಸಿ, ಹರಿಯುವ ನೀರಿಗೆ ಬಿಡುವುದು. ಎರಡೂ ಮನೆಯಲ್ಲಿ ಇರಬಾರದು. ನೂರಾರು ವರ್ಷ ಕಟ್ಟು ಉಳಿದುಬಂದದ್ದೇ ಹೀಗೆ, ಇದೂ ಮೂಲ ಕಟ್ಟಲ್ಲ, ಮಾವನ ಅಜ್ಜನ ಕಾಲದ ಪ್ರತಿ. ಈಗ ಸೀಡಿ ಬಂತು. ಪ್ರತಿ ಆಯಿತು ಅಂತ ನಾನೇ ಹೇಳಿದ್ದೆ, ಒಂದು ಅಕ್ಷರ ಬಿಟ್ಟಿಲ್ಲ ಅಂತ. ಮನೆಯ ಯಜಮಾನರು ಒಳ್ಳೆಯ ದಿನ ನೋಡಿ ಬಿಟ್ಟು ಬಂದರಂತೆ. ಸೀಡಿ ದೇವರಕೋಣೆಯಲ್ಲಿ ಹಲಗೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

"ನಿಮ್ಮತ್ರ ಎಲ್ಲ ಇದೆಯಲ್ಲ, ಅದ್ರಲ್ಲೇ ನೋಡ್ಕಂಡ್ರೆ ಆಗೂದಿಲ್ವಾ?" ಅಂದರು.

ಆಗ್ತದ್ರಿ ಅಂದೆ. ಕಷಾಯದ ಲೋಟ ಕೆಳಗಿಟ್ಟು ಎದ್ದು ಬಂದೆ. ಅವತ್ತು ಹೇಳಲಿಲ್ಲ. ಬಸ್‌ಸ್ಟಾಪಿನಲ್ಲಿ ಒಬ್ಬಳೇ ಕೂತು ಅತ್ತೆ, ಅದನ್ನು ಬರೆಯಲು ನಾಚಿಕೆ ಇಲ್ಲ. ಹೇಳದೆ ಬಂದದ್ದಕ್ಕೆ ನಾಚಿಕೆ ಇದೆ.

ಮುಂದಿನ ಎರಡು ತಿಂಗಳು ಉಳಿದ ಹತ್ತು ಕಟ್ಟುಗಳನ್ನು ಮತ್ತೆ ತಂದು ಮುನ್ನೂರ ಐದರಲ್ಲಿ ಸ್ಕ್ಯಾನ್ ಮಾಡಿದೆ. ಎಕ್ಕಂಬಿಯ ಮನೆಯವರು ಮತ್ತೆ ಯಾಕೆ ಅಂತ ಕೇಳಿದರು, ಯಂತ್ರ ಕೆಟ್ಟಿತ್ತು ಅಂದೆ. ಯಂತ್ರಕ್ಕೆ ಮಾನ ಇಲ್ಲವಲ್ಲ. ಮನ್ಮನೆಯ ಕಟ್ಟಿನ ಗರಿಗಳು ಮೊದಲೇ ಒಣಗಿದ್ದವು. ಎರಡನೇ ಸಲ ಕೈಯಾಡಿಸಿದ್ದಕ್ಕೆ ಮೂರು ಗರಿ ದಾರದ ತೂತಿನ ಹತ್ತಿರ ಮುರಿದವು. ತುಂಡುಗಳನ್ನು ತೆಳು ಕಾಗದದಲ್ಲಿ ಸುತ್ತಿ, ಮನೆಯವರಿಗೆ ತೋರಿಸಿ, ಬೈಸಿಕೊಂಡು ಬಂದೆ. ಈಗ ಒಂದೊಂದು ಕಟ್ಟು ನಾಲ್ಕು ಸೀಡಿ ತಿನ್ನುತ್ತಿತ್ತು, ಕಪಾಟಿನ ಡಬ್ಬಿಗಳು ಖಾಲಿಯಾದವು. ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ ಸೀರೆಗೆ, ತಲೆಗೂದಲಿಗೆ ಹತ್ತಿ ಕೂತಿತ್ತು. ಆ ದಿನಗಳಲ್ಲಿ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ವಠಾರದ ನಲ್ಲಿಗೆ ಎಲ್ಲರೂ ಹೋದ ಮೇಲೆ ಹೋಗುತ್ತಿದ್ದೆ. ಯಾರಾದರೂ ಹೇಗಿದ್ದೀರಿ ಅಂದರೆ ಎಲ್ಲ ಬಾಯಿಗೆ ಬಂದುಬಿಡುತ್ತದೆ ಅನ್ನುವ ಭಯ.

ಬಿಳಗಿಯ ವಿಷಯ ಮೇಷ್ಟ್ರಿಗೆ ಹೇಳಿದ್ದೆ. ಹತ್ತು ಕಟ್ಟು ಮುಗಿದ ದಿನ ಅವರು ಕೋಣೆಗೆ ಬಂದರು. ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದರು. ಒಂದು ಕಟ್ಟಿನ ಸಲುವಾಗಿ ಗ್ರಂಥಾಲಯದವರು ಇಡೀ ಕೆಲಸವನ್ನೇ ತಿರಸ್ಕರಿಸಿದರೆ ಹತ್ತು ಮನೆಯವರಿಗೆ ಏನು ಹೇಳುವುದು ಅಂದರು. ಆ ಚಿತ್ರಗಳನ್ನೇ ಕಂಪ್ಯೂಟರಿನಲ್ಲಿ ಹಿಗ್ಗಿಸಿ ಸೆಂಟಿಮೀಟರಿಗೆ ನೂರಿಪ್ಪತ್ತು ಮಾಡಲು ಬರುತ್ತದಲ್ಲ ಅಂತ ಕೇಳಿದರು. ಯಾರಿಂದಲೋ ವಿಚಾರಿಸಿಕೊಂಡು ಬಂದಿದ್ದರು. "ಅವರು ನೋಡೋದು ಅಂಕಿ, ಅಕ್ಷರ ಅಲ್ಲ" ಅಂದರು.

ಬರುತ್ತದೆ, ಬರುವುದಿಲ್ಲ ಅಂತಲ್ಲ. ಇಂಚಿನ ಲೆಕ್ಕವನ್ನು ಸೆಂಟಿಮೀಟರಿಗೆ ಬದಲಿಸುವುದು ಬರೀ ಭಾಗಾಕಾರ, ಅದರಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ಇಂಚಿಗೆ ನೂರಿಪ್ಪತ್ತು ಅನ್ನಿ, ಸೆಂಟಿಮೀಟರಿಗೆ ನಲವತ್ತೇಳು ಅನ್ನಿ, ಇರುವ ಚುಕ್ಕೆ ಅಷ್ಟೇ. ಆದರೆ ನಲವತ್ತೇಳನ್ನು ನೂರಿಪ್ಪತ್ತು ಮಾಡು ಅಂದರೆ ಕಂಪ್ಯೂಟರು ಅಕ್ಕಪಕ್ಕದ ಎರಡು ಚುಕ್ಕೆ ನೋಡಿ ನಡುವೆ ತನಗೆ ತೋಚಿದ ಬಣ್ಣ ತುಂಬುತ್ತದೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ, ಪಾತ್ರೆ ತುಂಬುತ್ತದೆ.

ಮೇಷ್ಟ್ರು ಹೋದ ಮೇಲೆ ಒಂದು ಗರಿಗೆ ಮಾಡಿ ನೋಡಿದೆ. ಅರ್ಧ ನಿಮಿಷದ ಕೆಲಸ. ಫೈಲು ಆರೂವರೆ ಪಟ್ಟು ಉಬ್ಬಿತು. ಪರದೆಯ ಮೇಲೆ ಅಂಕಿ ತೋರಿಸುವ ಚೌಕದಲ್ಲಿ ನೂರಿಪ್ಪತ್ತು ಅಂತ ಬಂತು, ಎದುರಿಗೆ ಸೆಂಟಿಮೀಟರು ಅಂತಲೂ ಬಂತು. ನಿಜ ಹೇಳುತ್ತೇನೆ, ನನಗೆ ಹಗುರ ಅನ್ನಿಸಿತು. ಇನ್ನೂರ ಎಂಬತ್ತು ಮಗ್ಗುಲನ್ನೂ ಹಾಗೆ ಮಾಡಿ ಮುಗಿಸಿದೆ. ಅರ್ಧ ದಿನ ಹಿಡಿಯಿತು. ಸೀಡಿಗೆ ಬರೆಯುವ ಮುಂಚೆ ಪದ್ಧತಿಯಂತೆ ಕೊನೆಯ ಸಲ ಪರೀಕ್ಷೆಗೆ ಒಂದು ಗರಿ ತೆರೆದೆ. ಸಣ್ಣಕ್ಷರಗಳ ಮೂಲೆ ನಯವಾಗಿ ಹೋಗಿತ್ತು. ಮೊದಲು ಚೌಕ ಚೌಕವಾಗಿ ಒಡೆದು ಕಾಣುತ್ತಿದ್ದದ್ದು ಈಗ ಕಂಟ ಹಿಡಿದ ಕೈಯೇ ನಡುಗಿ ಬರೆದ ಹಾಗೆ, ಅವಸರದಲ್ಲಿ ಒರಟಾಗಿ ಗೀಚಿದ ಹಾಗೆ ಕಾಣುತ್ತಿತ್ತು.

ಅಲ್ಲಿ ನನ್ನ ಕೈ ನಿಂತಿತು. ನಾಳೆ ಯಾರೋ ವಿದ್ವಾಂಸರು ಇದನ್ನು ತೆರೆಯುತ್ತಾರೆ. ಅಂಕಿ ನೋಡುತ್ತಾರೆ, ಅಂಕಿ ಸರಿ ಇದೆ. ಹಾಗಾದರೆ ತಪ್ಪು ಬರೆದವನದು ಅನ್ನುತ್ತಾರೆ. ಆ ಮನುಷ್ಯ ಅಕ್ಕಿಕಾಳಿನ ಅರ್ಧ ಎತ್ತರದ ಅಕ್ಷರವನ್ನು ಕೂದಲಿನಷ್ಟು ಸಪೂರ ಕೊರೆದಿದ್ದ, ನಾನು ಕಣ್ಣಾರೆ ಕಂಡಿದ್ದೆ, ನನ್ನ ಕೈಯಾರೆ ಮಸಿ ತುಂಬಿದ್ದೆ. ನನ್ನ ತಪ್ಪು ಸತ್ತವನ ತಲೆಗೆ ಹೋಗುತ್ತದೆ, ಅವನು ಎದ್ದು ಬಂದು ಅಲ್ಲ ಅನ್ನುವ ಹಾಗಿಲ್ಲ. ಹಿಗ್ಗಿಸಿದ ಫೈಲುಗಳನ್ನೆಲ್ಲ ಅಳಿಸಿದೆ. ಹಳೆಯವನ್ನೇ ಸೀಡಿಗೆ ಬರೆದೆ. ಗ್ರಂಥಾಲಯದ ನಮೂನೆಯಲ್ಲಿ ಬಿಳಗಿಯ ಕಟ್ಟಿನ ಎದುರು "ಸೆಂಟಿಮೀಟರಿಗೆ ನಲವತ್ತೇಳು, ಸ್ಕ್ಯಾನ್ ಮಾಡಿದವರ ತಪ್ಪು, ಮೂಲ ಈಗ ಇಲ್ಲ" ಅಂತ ಬರೆದು ಸಹಿ ಹಾಕಿ ಮೇಷ್ಟ್ರ ಮುಂದಿಟ್ಟೆ. ಅವರು ಓದಿ, "ಸ್ಕ್ಯಾನ್ ಮಾಡಿದವರ" ಎಂಬುದರ ಪಕ್ಕ ತಮ್ಮ ಹೆಸರನ್ನೂ ಸೇರಿಸಿ ಕೆಳಗೆ ಸಹಿ ಮಾಡಿದರು. ಅಂಕಿಯ ಬಾಲ ಕತ್ತರಿಸಿದವನು ನಾನಲ್ವಾ ಅಂದರು. ಅಷ್ಟೂ ತಿಂಗಳಲ್ಲಿ ನನಗೆ ಜೊತೆ ಅಂತ ಸಿಕ್ಕಿದ್ದು ಆ ಒಂದು ಸಹಿ.

ಆದರೆ ಹೇಳಬೇಕಾದವರು ಬೇರೆ ಇದ್ದರು. ಸಣ್ಣಕ್ಷರ ಇರುವ ಗರಿಗಳನ್ನಷ್ಟೇ ದೊಡ್ಡ ಹಾಳೆಗೆ ಪ್ರಿಂಟು ತೆಗೆದು, ಸುರುಳಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಬಿಳಗಿಗೆ ಹೋದೆ.

"ಅಕ್ಕಾರ, ತಪ್ಪು ನಂದೈತ್ರಿ. ಆವತ್ತ ಹೇಳೂದ ಬಿಟ್ಟು ಓಡಿ ಹೋದೆ. ಎಲ್ಲಾ ಇದರಾಗ ಐತಿ ಅಂದಿದ್ದು ಸುಳ್ಳಾತು" ಅಂದೆ.

ಕೂತು ಎಲ್ಲ ಹೇಳಿದೆ. ಇಂಚು, ಸೆಂಟಿಮೀಟರು, ಚುಕ್ಕೆ. ಅವರ ಅಂಗಳದ ರಂಗೋಲಿಯನ್ನೇ ತೋರಿಸಿ, ಹದಿನೈದು ಚುಕ್ಕಿಯ ರಂಗೋಲಿಯನ್ನು ಐದು ಚುಕ್ಕಿಯಲ್ಲಿ ಹಾಕು ಅಂದ ಹಾಗೆ ಅಂದೆ. ಅಕ್ಕನಿಗೆ ಕೂಡಲೇ ಅರ್ಥವಾಯಿತು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಹಾಳೆಗಳನ್ನು ಜಗುಲಿಯ ಮೇಲೆ ಹಾಸಲು ಹೇಳಿ, ತಾವೂ ಪಕ್ಕದಲ್ಲಿ ಕೂತರು.

ಸಣ್ಣಕ್ಷರ ಮಾವನವರದೇ ಅಂತ ಆಗ ತಿಳಿಯಿತು. ಯಾವ ಬೇರು ಯಾರಿಗೆ ಒಗ್ಗಿತು, ಯಾರಿಗೆ ಒಗ್ಗಲಿಲ್ಲ, ಯಾವುದಕ್ಕೆ ಹಾಲು ಬೇಡ ಎಳನೀರು ಸಾಕು, ಹೀಗೆ ಜೀವಮಾನವೆಲ್ಲ ಕಂಡದ್ದನ್ನು ಸಾಲಿನ ಸಂದಿಯಲ್ಲಿ ಕೊರೆಯುತ್ತ ಬಂದಿದ್ದರಂತೆ. ಸೊಸೆಗೆ ಓದಿ ಹೇಳುವಾಗ ಅದನ್ನೂ ಸೇರಿಸಿ ಓದುತ್ತಿದ್ದರು. ಅಕ್ಕ ದೊಡ್ಡಕ್ಷರದ ಔಷಧಿಯ ಹೆಸರನ್ನು ನನ್ನಿಂದ ಕೇಳಿಕೊಂಡು, ಕಣ್ಣು ಮುಚ್ಚಿ, ಅದರ ಕೆಳಗಿನ ಸಣ್ಣಕ್ಷರದ ಮಾತನ್ನು ನೆನಪಿನಿಂದ ಹೇಳಿದರು. ಹೆಸರುಗಳನ್ನು ಯಲ್ಲಾಪುರದವರು ಮೊದಲಿನ ಪ್ರಿಂಟುಗಳ ಅಂಚಿನಲ್ಲಿ ಬರೆದುಕೊಟ್ಟಿದ್ದರು, ಅವನ್ನು ಈ ಹಾಳೆಗಳಿಗೆ ಇಳಿಸಿಕೊಂಡು ಹೋಗಿದ್ದೆ. ನಾನು ಆ ಮಸುಕು ಗುರುತುಗಳನ್ನು ಎಣಿಸುತ್ತಿದ್ದೆ. ಅಕ್ಕ ಹೇಳಿದ ಮಾತಿನ ಅಕ್ಷರಗಳೂ ಹಾಳೆಯ ಮಸುಕುಗಳೂ ಒಂದಕ್ಕೊಂದು ತಾಳೆಯಾದರೆ ಬರೆದುಕೊಳ್ಳುವುದು. ಹೆಚ್ಚಿನವು ತಾಳೆಯಾದವು. ಮಧ್ಯಾಹ್ನದ ಹೊತ್ತಿಗೆ ಮೂವತ್ತರ ಮೇಲೆ ಬರೆದಾಗಿತ್ತು. ಊಟಕ್ಕೆ ಬಾಳೆ ಹಾಕಿದರು, ನನ್ನ ಎದುರಿಗೇ ಕೂತು ಉಂಡರು. ಎಷ್ಟೋ ದಿನದ ಮೇಲೆ ಒಬ್ಬರ ಎದುರು ಕೂತು ಊಟ ಮಾಡಿದ್ದೆ. ತಪ್ಪು ತೊಳೆದುಹೋಯಿತು ಅಂತಲೇ ಒಳಗೊಳಗೆ ನಂಬಿಬಿಟ್ಟಿದ್ದೆ.

ಕೊನೆಗೆ ಉಳಿದದ್ದು ಬಾಣಂತಿ ಔಷಧಿಯ ಒಂದು ಗರಿ. ಬಲಗಡೆ ಅಂಚಿನಲ್ಲಿ ಸಣ್ಣಕ್ಷರದ ಒಂದೇ ಸಾಲು. ಅಕ್ಕ ಅದನ್ನು ನೋಡುತ್ತ ಕೂತರು. ಇದಕ್ಕೆ ಮಾವ ಏನು ಹೇಳುತ್ತಿದ್ದರು ಅಂತ ಕೇಳಿದೆ.

ಓದುತ್ತಿರಲಿಲ್ಲ ಅಂದರು. ಅಕ್ಕನ ಮೊದಲ ಮಗು ಎಂಟೇ ದಿನಕ್ಕೆ ತೀರಿಕೊಂಡಿತ್ತು, ಆ ವರ್ಷ ಮಾವ ಅದನ್ನು ಬರೆದದ್ದು. ಆಮೇಲೆ ಯಾವಾಗ ಈ ಗರಿ ಬಂದರೂ ಅಲ್ಲಿಗೆ ನಿಲ್ಲಿಸಿ ಮುಂದಿನ ಗರಿ ತೆಗೆಯುತ್ತಿದ್ದರು. ಎಂತ ಬರೆದಿದ್ದು ಅಂತ ಎರಡು ಸಲ ಕೇಳಿದ್ದಕ್ಕೆ, ಅದು ಔಷಧಿಯಲ್ಲ, ನಾನು ಹೋದ ಮೇಲೆ ಬಲ್ಲವರ ಹತ್ತಿರ ಓದಿಸು ಅಂದಿದ್ದರಂತೆ. ಅಷ್ಟಕ್ಕೇ ಅಕ್ಕ ಕಟ್ಟನ್ನು ನನ್ನ ಕೈಗೆ ಕೊಟ್ಟದ್ದು. ಬೇರೆಯದೆಲ್ಲ ಅವರಿಗೆ ಬಾಯಿಪಾಠ ಇದ್ದೇ ಇತ್ತು.

ನಾನು ಹಾಳೆಯನ್ನು ಬೆಳಕಿಗೆ ಹಿಡಿದೆ, ಕಣ್ಣಿನ ಹತ್ತಿರ ತಂದೆ, ದೂರ ಹಿಡಿದೆ. ಹದಿನಾಲ್ಕು ಮಸುಕು ಗುರುತುಗಳು, ಹದಿನೈದೂ ಇರಬಹುದು. ಎಷ್ಟು ಅಕ್ಷರ ಇದೆ ಅಂತ ಅಕ್ಕ ಕೇಳಿದರು, ಹೇಳಿದೆ. ಅವರು ಬೆರಳಿನಲ್ಲಿ ಒಂದೊಂದನ್ನೇ ಮುಟ್ಟುತ್ತ ಸಾಲಿನ ಕೊನೆಯವರೆಗೆ ಹೋದರು. ನನ್ನ ಜೊತೆ ಅಷ್ಟು ದಿನವೂ ನನಗೆ ತಿಳಿಯುವ ಕನ್ನಡದಲ್ಲಿ ಮಾತಾಡಲು ಎಚ್ಚರ ವಹಿಸುತ್ತಿದ್ದವರು, ಈಗ ತಮ್ಮ ಮನೆಮಾತಿನಲ್ಲಿ, ಹಾಳೆಗೇ ಹೇಳುವ ಹಾಗೆ ಹೇಳಿದರು:

"ಹೊಳೆಗೆ ಬಿಡೂಕಿಂತ ಮುಂಚೆ ಆನು ಕಟ್ಟು ಬಿಚ್ಚಿ ಈ ಗರಿ ನೋಡಿದ್ದಿ. ಒಂದೊಂದು ಅಕ್ಷರನೂ ಚಂದಾಗಿ ಕಾಣ್ತಿತ್ತು. ಯಂಗೆ ಓದಲೆ ಬತ್ತಿಲ್ಲೆ, ಅಷ್ಟೇಯ."